ಯಾವ ಕಾಲೇಜು ಸೇರಲಿ ಅಕ್ಕಾ? ಪಿಯುಸಿ ಮುಗಿಸಿದವರು ಪದೇ ಪದೇ ಕೇಳುವ ಪ್ರಶ್ನೆಗಳು

ಕೋಲಾರದ ಬಸ್ ಸ್ಟ್ಯಾಂಡ್ ಹತ್ತಿರ ನನ್ನದೊಂದು ಆನ್‌ಲೈನ್ ಸೆಂಟರ್ ಇದೆ. ಎರಡು ಕಂಪ್ಯೂಟರ್, ಒಂದು ಜೆರಾಕ್ಸ್ ಮಷೀನು. ಪಿಯುಸಿ ರಿಸಲ್ಟ್ ಬಂದಾಗಿನಿಂದ ಸೀಟು ಹಂಚಿಕೆ ಮುಗಿಯುವವರೆಗೆ ಅಂಗಡಿ ಮುಂದೆ ಸಾಲು ನಿಂತಿರುತ್ತದೆ. ಮುಳಬಾಗಿಲು, ಶ್ರೀನಿವಾಸಪುರ, ಬಂಗಾರಪೇಟೆ, ಚಿಂತಾಮಣಿ ಕಡೆಯಿಂದ ಬರುತ್ತಾರೆ. ಕೇಳುವುದು ಹೆಚ್ಚುಕಡಿಮೆ ಅದೇ ಹದಿನೈದು ಹದಿನಾರು ಪ್ರಶ್ನೆಗಳು. ಸಾಲಿನಲ್ಲಿ ನಿಂತಿರುವಾಗಲೇ ಓದಿಕೊಳ್ಳಲಿ ಅಂತ ಉತ್ತರಗಳನ್ನು ಇಲ್ಲಿ ಬರೆದಿಟ್ಟಿದ್ದೇನೆ. ನಾನು ಲೆಕ್ಚರರ್ ಅಲ್ಲ. ಆದರೆ ನನ್ನ ಹತ್ತಿರ ಅರ್ಜಿ ತುಂಬಿಸಿದ ಮಕ್ಕಳು ಮೂರ್ನಾಲ್ಕು ವರ್ಷ ಆದಮೇಲೆ ಬಯೋಡೇಟಾ ಪ್ರಿಂಟ್ ಹಾಕಿಸಲು ಇಲ್ಲಿಗೇ ಬರುತ್ತಾರೆ. ಯಾರ ಆಯ್ಕೆ ಏನಾಯಿತು ಅಂತ ಆಗ ಗೊತ್ತಾಗುತ್ತದೆ.

ಎಲ್ಲಕ್ಕಿಂತ ಮೊದಲು ಏನು ನೋಡಬೇಕು?

ನನ್ನ ಲೆಕ್ಕದಲ್ಲಿ ಮೊದಲು ಕೋರ್ಸು. ಆಮೇಲೆ ಆ ಕೋರ್ಸಿಗೆ ಪಾಠ ಮಾಡುವವರು ಆ ಕಾಲೇಜಿನಲ್ಲಿ ಇದ್ದಾರಾ ಅನ್ನುವುದು. ಮೂರನೆಯದು ಮನೆಯಿಂದ ಕಾಲೇಜಿಗೆ ದಿನಾ ಎಷ್ಟು ಹೊತ್ತು. ನಾಲ್ಕನೆಯದು ಕೋರ್ಸು ಮುಗಿಯುವ ತನಕ ಒಟ್ಟು ಎಷ್ಟು ಖರ್ಚು. ಕಾಲೇಜಿನ ಹೆಸರು ಇವೆಲ್ಲ ಆದಮೇಲೆ.

ಬಿಲ್ಡಿಂಗ್ ನನ್ನ ಪಟ್ಟಿಯಲ್ಲೇ ಇಲ್ಲ. ಈಜುಕೊಳದ ಫೋಟೋ ಇರುವ ಪುಸ್ತಕ ಹಿಡಿದುಕೊಂಡು ಬರುವ ಅಪ್ಪಂದಿರಿಗೆ ಇದನ್ನು ಹೇಳಿದರೆ ಬೇಜಾರಾಗುತ್ತದೆ. ಏನು ಮಾಡುವುದು?

ಈ ಸಾಲು ಎಲ್ಲರಿಗೂ ಒಂದೇ ಅಲ್ಲ. ಮನೆಯಲ್ಲಿ ಹಸು ಕಟ್ಟುವ ಹುಡುಗನಿಗೆ ಹೊತ್ತಿನ ಲೆಕ್ಕ ಮೊದಲು ಬರಬಹುದು. ಅಪ್ಪ ಇಲ್ಲದ ಮನೆಗೆ ದುಡ್ಡು ಮೊದಲು. ಅದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ. ಆದರೆ ನಿಮ್ಮ ಮನೆಗೆ ಯಾವುದು ಮೊದಲು ಅನ್ನುವುದನ್ನು ಕಂಪ್ಯೂಟರ್ ಮುಂದೆ ಕೂರುವ ಮೊದಲೇ ಮಾತಾಡಿಕೊಂಡು ಬನ್ನಿ. ಇಲ್ಲಿ ಕೂತು ಜಗಳ ಆಡಿದರೆ ಹಿಂದಿನವರು ಕಾಯಬೇಕಾಗುತ್ತದೆ.

ಕೋರ್ಸು ಮುಖ್ಯವಾ, ಕಾಲೇಜು ಮುಖ್ಯವಾ?

ಕೋರ್ಸು. ಇಷ್ಟವಿಲ್ಲದ್ದನ್ನು ದೊಡ್ಡ ಕಾಲೇಜಿನಲ್ಲಿ ಓದಿದರೂ ಅದು ಇಷ್ಟವಿಲ್ಲದ್ದೇ. ಒಂದು ಮಾತು ಮಾತ್ರ ಸೇರಿಸುತ್ತೇನೆ. ಹದಿನೇಳು ಹದಿನೆಂಟಕ್ಕೆ ‘ನನಗೆ ಇದೇ ಬೇಕು’ ಅಂತ ಖಚಿತವಾಗಿ ಗೊತ್ತಿರುವ ಮಕ್ಕಳು ಕಡಿಮೆ. ಕಂಪ್ಯೂಟರ್ ಸೈನ್ಸ್ ಬೇಕು ಅನ್ನುವವರಲ್ಲಿ ಅರ್ಧ ಜನಕ್ಕೆ ಅದರಲ್ಲಿ ಏನು ಓದಬೇಕು ಅಂತಲೇ ಗೊತ್ತಿರುವುದಿಲ್ಲ. ವಿಟಿಯು (ಇಂಜಿನಿಯರಿಂಗ್ ಕಾಲೇಜುಗಳ ಯೂನಿವರ್ಸಿಟಿ) ವೆಬ್‌ಸೈಟಿನಲ್ಲಿ ಪ್ರತಿ ಬ್ರಾಂಚಿನ ಸಿಲಬಸ್ ಇದೆ. ಮೂರನೇ ಸೆಮಿಸ್ಟರಿನ ವಿಷಯಗಳ ಹೆಸರು ಓದಿ. ಗೂಗಲ್‌ನಲ್ಲಿ ಹಾಕಿ ನೋಡಿ. ಒಂದು ಸಂಜೆಯ ಕೆಲಸ.

ಇಂಜಿನಿಯರಿಂಗ್ ಮತ್ತು ಮೆಡಿಕಲ್ ಬಿಟ್ಟರೆ ಬೇರೆ ಏನೂ ಇಲ್ಲ ಅಂದುಕೊಂಡವರೂ ಬರುತ್ತಾರೆ. ಕೋಲಾರದ ಟಮಕದಲ್ಲೇ ತೋಟಗಾರಿಕೆ ಕಾಲೇಜಿದೆ. ಚಿಂತಾಮಣಿಯಲ್ಲಿ ಕೃಷಿ ಕಾಲೇಜಿದೆ, ಮೊದಲು ಅದು ರೇಷ್ಮೆ ಕೃಷಿ ಕಾಲೇಜಾಗಿತ್ತು. ಟೊಮೆಟೊ, ಮಾವು, ರೇಷ್ಮೆ, ದ್ರಾಕ್ಷಿ ಬೆಳೆಯುವ ಮನೆಗಳಿಂದಲೇ ಬಂದ ಮಕ್ಕಳು ನಾವು. ಆದರೂ ಈ ಕಾಲೇಜುಗಳ ಹೆಸರು ಹೇಳಿದರೆ ‘ಮತ್ತೆ ಮಣ್ಣಿಗೇ ಹೋಗೋದಾ ಅಕ್ಕಾ’ ಅನ್ನುತ್ತಾರೆ. ಅಲ್ಲಿ ಓದಿದವರು ಬ್ಯಾಂಕಿಗೂ ಹೋಗಿದ್ದಾರೆ, ಕೃಷಿ ಇಲಾಖೆಗೂ ಹೋಗಿದ್ದಾರೆ.

ದಿನಾ ಬೆಂಗಳೂರಿಗೆ ಓಡಾಡಿಕೊಂಡು ಓದಬಹುದಾ?

ಓದಬಹುದು. ನಾನೇ ಓದಿದ್ದೇನೆ. ಅದಕ್ಕೇ ಇದಕ್ಕೆ ಸ್ವಲ್ಪ ಜಾಸ್ತಿ ಬರೆಯುತ್ತೇನೆ.

ಕೋಲಾರದಿಂದ ಬೆಂಗಳೂರಿಗೆ ಸುಮಾರು 70 ಕಿಲೋಮೀಟರ್. ತುಮಕೂರಿನಿಂದಲೂ ಹೆಚ್ಚುಕಡಿಮೆ ಅಷ್ಟೇ. ಚಿಕ್ಕಬಳ್ಳಾಪುರದಿಂದ ಅದಕ್ಕಿಂತ ಸ್ವಲ್ಪ ಕಡಿಮೆ. ಮೂರೂ ಕಡೆ ಹೈವೇ ಚೆನ್ನಾಗಿದೆ. ಮ್ಯಾಪ್ ನೋಡಿದವರಿಗೆ ‘ಒಂದೂವರೆ ಗಂಟೆ ತಾನೆ’ ಅನಿಸುತ್ತದೆ. ಆದರೆ ಬಸ್ಸು ಹೊಸಕೋಟೆ ದಾಟಿದ ಮೇಲೆ ನಿಜವಾದ ಪ್ರಯಾಣ ಶುರು. ಕೆ.ಆರ್. ಪುರದ ತೂಗುಸೇತುವೆ, ಟಿನ್ ಫ್ಯಾಕ್ಟರಿ ದಾಟುವಷ್ಟರಲ್ಲಿ ಮೊದಲ ಪೀರಿಯಡ್ ಮುಗಿದಿರುತ್ತದೆ. ಅಲ್ಲಿಂದ ಕಾಲೇಜಿಗೆ ಇನ್ನೊಂದು ಬಸ್ಸು.

ನಾನು ಬೆಳಿಗ್ಗೆ ನಾಲ್ಕೂವರೆಗೆ ಏಳುತ್ತಿದ್ದೆ. ಅಮ್ಮ ನಾಲ್ಕಕ್ಕೇ ಎದ್ದು ಡಬ್ಬಿಗೆ ಚಿತ್ರಾನ್ನ ಹಾಕಿರುತ್ತಿದ್ದಳು. ಬಸ್ಸಿನಲ್ಲಿ ಓದಿಕೊಳ್ಳುತ್ತೇನೆ ಅಂತ ಪುಸ್ತಕ ತೆಗೆಯುತ್ತಿದ್ದೆ, ನರಸಾಪುರ ಬರುವಷ್ಟರಲ್ಲಿ ಕಿಟಕಿಗೆ ತಲೆ ಆನಿಸಿ ನಿದ್ದೆ. ಸಂಜೆ ಮನೆಗೆ ಬರುವಾಗ ಎಂಟು. ಎರಡನೇ ವರ್ಷ ಅಟೆಂಡೆನ್ಸ್ ಕಡಿಮೆ ಬಂತು. ದಂಡ ಕಟ್ಟಿಸಿಕೊಂಡು ಪರೀಕ್ಷೆಗೆ ಕೂರಿಸಿದರು. ಆ ಕಾಲೇಜಿನವರು ಸೇರಿಸಿಕೊಳ್ಳುವಾಗ ‘ಕೋಲಾರದಿಂದ ಎಷ್ಟೋ ಮಕ್ಕಳು ಬರ್ತಾರೆ, ಏನೂ ತೊಂದರೆ ಇಲ್ಲ’ ಅಂದಿದ್ದರು. ಬರುತ್ತಿದ್ದರು ನಿಜ. ಮೊದಲ ಪೀರಿಯಡ್‌ನಲ್ಲಿ ಅವರೆಲ್ಲ ಎಲ್ಲಿರುತ್ತಿದ್ದರು ಅಂತ ನಾನು ಕೇಳಲಿಲ್ಲ.

ಲೆಕ್ಕ ಹಾಕಿ. ಹೋಗಲು ಎರಡು ಗಂಟೆ, ಬರಲು ಎರಡೂವರೆ. ವರ್ಷಕ್ಕೆ 200 ದಿನ ಕಾಲೇಜು ಅಂದುಕೊಂಡರೆ 900 ಗಂಟೆ ರಸ್ತೆಯಲ್ಲೇ ಹೋಯಿತು. ಡಿಗ್ರಿಗೆ ಶೇ 75 ಹಾಜರಿ ಬೇಕು. ವಿಟಿಯು ನಿಯಮದಲ್ಲಿ ಶೇ 85. ಸುಮ್ನೆ ಹೆದರಿಸುತ್ತಿಲ್ಲ.

ರೈಲು ಸಿಗುವವರ ಕಥೆ ಬೇರೆ. ಬಂಗಾರಪೇಟೆ, ಮಾಲೂರಿನವರಿಗೆ, ತುಮಕೂರಿನವರಿಗೆ ರೈಲು ನಿಜಕ್ಕೂ ಅನುಕೂಲ. ಕೆಜಿಎಫ್‌ನ ಚಿನ್ನದ ಗಣಿ 2001ರಲ್ಲಿ ಮುಚ್ಚಿದ ಮೇಲೆ ಆ ಊರಿನ ಎಷ್ಟೋ ಜನ ರೈಲನ್ನೇ ನಂಬಿ ಬೆಂಗಳೂರಿಗೆ ದುಡಿಯಲು ಹೋಗಿಬರುತ್ತಿದ್ದಾರೆ. ಆದರೆ ಸ್ಟೇಷನ್ನಿನಿಂದ ಕಾಲೇಜು ಎಷ್ಟು ದೂರ ಅನ್ನುವುದನ್ನೂ ಸೇರಿಸಿಕೊಳ್ಳಿ.

ಹೆಣ್ಣುಮಕ್ಕಳಿಗೆ 2023ರ ಜೂನ್‌ನಿಂದ ಶಕ್ತಿ ಯೋಜನೆ ಇದೆ. ಸರ್ಕಾರಿ ಸಾಮಾನ್ಯ ಬಸ್ಸು, ಎಕ್ಸ್‌ಪ್ರೆಸ್ ಬಸ್ಸಿಗೆ ಟಿಕೆಟ್ ದುಡ್ಡು ಇಲ್ಲ. ರಾಜಹಂಸ, ಎಸಿ ಬಸ್ಸಿಗೆ ಇದು ನಡೆಯುವುದಿಲ್ಲ. ದುಡ್ಡು ಉಳಿಯಿತು, ಹೊತ್ತು ಉಳಿಯಲಿಲ್ಲ. ಇದನ್ನು ಮರೆತು ‘ಫ್ರೀ ಬಸ್ ಇದೆಯಲ್ಲ’ ಅಂತ ದೂರದ ಕಾಲೇಜು ಹಾಕುವವರು ಈಗ ಜಾಸ್ತಿಯಾಗಿದ್ದಾರೆ.

ನನ್ನ ಸಲಹೆ ಒಂದೇ. ಸೇರುವ ಮೊದಲು ಒಂದು ಸೋಮವಾರ, ಕಾಲೇಜಿನ ಟೈಮಿಗೆ ಸರಿಯಾಗಿ, ಬಸ್ಸಿನಲ್ಲಿ ಹೋಗಿ ಬನ್ನಿ. ಮಾವನ ಕಾರಿನಲ್ಲಿ ಭಾನುವಾರ ಹೋದರೆ ಏನೂ ಗೊತ್ತಾಗುವುದಿಲ್ಲ.

ಹಾಗಾದರೆ ಹಾಸ್ಟೆಲ್ಲೋ ಪಿಜಿಯೋ ನೋಡುವುದೇ?

ದುಡ್ಡು ಇದ್ದರೆ ನೋಡಿ. ಬಿಸಿಎಂ (ಹಿಂದುಳಿದ ವರ್ಗಗಳ ಕಲ್ಯಾಣ) ಮತ್ತು ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲ್‌ಗಳಿಗೆ ಅರ್ಜಿ ಕರೆದ ತಕ್ಷಣ ಹಾಕಿ. ಸೀಟು ಕಡಿಮೆ, ಕೇಳುವವರು ಜಾಸ್ತಿ. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ಮಕ್ಕಳಿಗೆ ವಿದ್ಯಾಸಿರಿ ಇದೆ. ಊಟ, ವಸತಿಗೆ ಅಂತ ಸರ್ಕಾರ ವರ್ಷಕ್ಕೆ 10 ತಿಂಗಳು ಕೊಡುವ ಸಹಾಯಧನ ಅದು. ಎಸ್‌ಎಸ್‌ಪಿ ಅನ್ನುವ ರಾಜ್ಯದ ಸ್ಕಾಲರ್‌ಶಿಪ್ ಪೋರ್ಟಲ್‌ನಲ್ಲಿ ಅರ್ಜಿ. ಬೆಂಗಳೂರಿನ ಪಿಜಿಗೆ ಅದು ಎಲ್ಲಿಗೂ ಸಾಲದು. ತುಮಕೂರಿನಲ್ಲೋ ಕೋಲಾರದಲ್ಲೋ ರೂಮು ಮಾಡಿಕೊಂಡು ಇಬ್ಬರು ಮೂವರು ಸೇರಿ ಅಡುಗೆ ಮಾಡಿಕೊಂಡರೆ ಸ್ವಲ್ಪ ಆಸರೆ.

ನ್ಯಾಕ್ ಎ ಪ್ಲಸ್ ಅಂತ ಬೋರ್ಡ್ ಹಾಕಿದ್ದಾರೆ. ಅದನ್ನು ನಂಬಬಹುದಾ?

ನ್ಯಾಕ್ ಅಂದರೆ ಕಾಲೇಜುಗಳನ್ನು ಪರಿಶೀಲಿಸಿ ಗ್ರೇಡ್ ಕೊಡುವ ಸಂಸ್ಥೆ. ಬೋರ್ಡ್ ಸುಳ್ಳಲ್ಲ, ಆದರೆ ಅದು ಹೇಳುವುದು ಇಡೀ ಕಾಲೇಜಿನ ಬಗ್ಗೆ. ನೀವು ಸೇರುವ ವಿಭಾಗದ ಬಗ್ಗೆ ಅಲ್ಲ. ಇಂಜಿನಿಯರಿಂಗ್ ಆದರೆ ಎನ್‌ಬಿಎ ಮಾನ್ಯತೆ ನೋಡಿ, ಅದನ್ನು ಒಂದೊಂದು ಕೋರ್ಸಿಗೂ ಬೇರೆ ಬೇರೆಯಾಗಿ ಕೊಡುತ್ತಾರೆ. ಒಂದೇ ಕಾಲೇಜಿನಲ್ಲಿ ಮೆಕ್ಯಾನಿಕಲ್‌ಗೆ ಇದ್ದು, ಹೊಸದಾಗಿ ಶುರುವಾದ ಬ್ರಾಂಚಿಗೆ ಇಲ್ಲದಿರಬಹುದು. ನ್ಯಾಕ್, ಎನ್‌ಬಿಎ ಎರಡಕ್ಕೂ ಇಷ್ಟು ವರ್ಷ ಅಂತ ಅವಧಿ ಇರುತ್ತದೆ. ಬೋರ್ಡಿನಲ್ಲಿ ಅಕ್ಷರ ಮಾತ್ರ ದೊಡ್ಡದಾಗಿರುತ್ತದೆ, ಯಾವ ವರ್ಷದ್ದು ಅನ್ನುವುದು ಕಾಣುವುದಿಲ್ಲ. ಕೇಳಿ.

ಗ್ರೇಡಿಗಿಂತ ಮೊದಲು ನೋಡಬೇಕಾದ್ದು ಕೋರ್ಸು ನಡೆಸಲು ಬೇಕಾದ ಅನುಮೋದನೆ. ಇಂಜಿನಿಯರಿಂಗ್‌ಗೆ ಎಐಸಿಟಿಇ (ಕೇಂದ್ರದ ತಾಂತ್ರಿಕ ಶಿಕ್ಷಣ ಮಂಡಳಿ), ಫಾರ್ಮಸಿಗೆ ಫಾರ್ಮಸಿ ಕೌನ್ಸಿಲ್ (ಪಿಸಿಐ), ಕಾನೂನಿಗೆ ಬಾರ್ ಕೌನ್ಸಿಲ್, ನರ್ಸಿಂಗ್‌ಗೆ ನರ್ಸಿಂಗ್ ಕೌನ್ಸಿಲ್. ನರ್ಸಿಂಗ್ ವಿಷಯದಲ್ಲಿ ದಯವಿಟ್ಟು ಎರಡು ಸಲ ನೋಡಿ. ಮನೆ ಬಾಗಿಲಿಗೆ ಬಂದು ಸೀಟು ಮಾರುವ ಏಜೆಂಟರು ಜಾಸ್ತಿ ಇರುವುದು ಅಲ್ಲೇ.

‘ಶೇ 100 ಪ್ಲೇಸ್‌ಮೆಂಟ್’ ಅನ್ನುತ್ತಾರಲ್ಲ, ಪರೀಕ್ಷೆ ಮಾಡುವುದು ಹೇಗೆ?

ಇದಕ್ಕೆ ಒಂದು ದಾರಿ ಇದೆ, ಬಹಳ ಜನಕ್ಕೆ ಗೊತ್ತಿಲ್ಲ. ಕೇಂದ್ರ ಸರ್ಕಾರದ ಎನ್‌ಐಆರ್‌ಎಫ್ ರ‍್ಯಾಂಕಿಂಗ್‌ಗೆ ಅರ್ಜಿ ಹಾಕುವ ಕಾಲೇಜುಗಳು ತಾವು ಕೊಟ್ಟ ಮಾಹಿತಿಯನ್ನು ತಮ್ಮ ವೆಬ್‌ಸೈಟಿನಲ್ಲೂ ಹಾಕಬೇಕು. ರ‍್ಯಾಂಕ್ ಬಂದಿರಲೇಬೇಕು ಅಂತಿಲ್ಲ. ವೆಬ್‌ಸೈಟಿನ ಯಾವುದೋ ಮೂಲೆಯಲ್ಲಿ ಎನ್‌ಐಆರ್‌ಎಫ್ ಅಂತ ಒಂದು ಪಿಡಿಎಫ್ ಇರುತ್ತದೆ. ಅದರಲ್ಲಿ ಯಾವ ವರ್ಷ ಎಷ್ಟು ಮಕ್ಕಳು ಸೇರಿದರು, ಅವರಲ್ಲಿ ಎಷ್ಟು ಜನ ಸರಿಯಾದ ಅವಧಿಯಲ್ಲಿ ಪಾಸಾದರು, ಎಷ್ಟು ಜನಕ್ಕೆ ಕೆಲಸ ಸಿಕ್ಕಿತು, ಎಷ್ಟು ಜನ ಮುಂದೆ ಓದಲು ಹೋದರು ಅಂತ ಸಾಲಾಗಿ ಇರುತ್ತದೆ. ಸಂಬಳದ ಮಧ್ಯದ ಅಂಕಿಯೂ ಇರುತ್ತದೆ. ಎಲ್ಲರ ಸಂಬಳವನ್ನು ಕಡಿಮೆಯಿಂದ ಜಾಸ್ತಿಗೆ ಸಾಲಾಗಿ ನಿಲ್ಲಿಸಿದರೆ ನಟ್ಟನಡುವೆ ನಿಂತವನಿಗೆ ಸಿಕ್ಕಿದ್ದು. ಬ್ಯಾನರಿನಲ್ಲಿರುವ 40 ಲಕ್ಷ ಒಬ್ಬನದು. ನಿಮಗೆ ಬೇಕಾದ್ದು ನಡುವಿನವನದು.

ಉದಾಹರಣೆಗೆ ಒಂದು ಲೆಕ್ಕ ನೋಡಿ. 120 ಮಕ್ಕಳು ಸೇರಿದರು. ನಾಲ್ಕು ವರ್ಷಕ್ಕೆ ಸರಿಯಾಗಿ ಪಾಸಾದವರು 70. ಕಂಪನಿಗಳು ಕೇಳುವಷ್ಟು ಅಂಕ ಇದ್ದವರು 45. ಕೆಲಸ ಸಿಕ್ಕಿದ್ದು 42 ಜನಕ್ಕೆ. ಕಾಲೇಜಿನವರು 45ರಲ್ಲಿ 42 ಅಂತ ಹಿಡಿದು ಶೇ 93 ಅನ್ನುತ್ತಾರೆ. ಸೇರಿದವರ ಲೆಕ್ಕದಲ್ಲಿ ಅದು ಶೇ 35. ಎರಡೂ ಸುಳ್ಳಲ್ಲ. ಆದರೆ ಇವತ್ತು ನೀವು ನಿಂತಿರುವುದು 120ರ ಸಾಲಿನಲ್ಲಿ.

ಅದೇ ಪಿಡಿಎಫ್‌ನಲ್ಲಿ ಪಾಠ ಮಾಡುವವರ ಪಟ್ಟಿಯೂ ಇರುತ್ತದೆ. ಯಾರು, ಏನು ಓದಿದ್ದಾರೆ, ಎಂದು ಸೇರಿದರು ಅಂತ. ಒಂದು ವಿಭಾಗದಲ್ಲಿ ಎಲ್ಲರೂ ಹೋದ ವರ್ಷವೇ ಸೇರಿದವರಾದರೆ ಹಳಬರು ಯಾಕೆ ಬಿಟ್ಟು ಹೋದರು ಅಂತ ಯೋಚನೆ ಮಾಡಿ. ಹತ್ತು ವರ್ಷ ಹದಿನೈದು ವರ್ಷದಿಂದ ಇರುವವರು ನಾಲ್ಕೈದು ಜನ ಕಂಡರೆ ನನಗೆ ಆ ವಿಭಾಗದ ಮೇಲೆ ನಂಬಿಕೆ ಬರುತ್ತದೆ. ಪ್ಲೇಸ್‌ಮೆಂಟ್ ಅಂಕಿಗಿಂತ ನಾನು ಇದನ್ನೇ ಮೊದಲು ತೆಗೆಯುವುದು.

ಫೀಸು ಎಷ್ಟು ಅಂತ ಹೇಗೆ ಲೆಕ್ಕ ಹಾಕಬೇಕು?

ಮೊದಲ ವರ್ಷದ ಫೀಸನ್ನು ಮಾತ್ರ ನೋಡಬೇಡಿ. ಒಂದು ಉದಾಹರಣೆ. ಬೆಂಗಳೂರಿನ ಕಾಲೇಜಿಗೆ ವರ್ಷಕ್ಕೆ 60,000, ಮನೆ ಹತ್ತಿರದ್ದಕ್ಕೆ 90,000 ಅಂದುಕೊಳ್ಳಿ. ಮೊದಲನೆಯದೇ ಅಗ್ಗ ಅನಿಸುತ್ತದೆ. ಪಿಜಿಗೆ ತಿಂಗಳಿಗೆ 8,000ದಂತೆ 11 ತಿಂಗಳು ಸೇರಿಸಿ. ಅದು 1,48,000 ಆಯಿತು. ನಾಲ್ಕು ವರ್ಷಕ್ಕೆ 2,32,000 ಜಾಸ್ತಿ. ಇದರಲ್ಲಿ ಇನ್ನೂ ಊಟದ ಮೇಲಿನ ಖರ್ಚು, ಹಬ್ಬಕ್ಕೆ ಬಂದು ಹೋಗುವ ಬಸ್ಸು ಸೇರಿಲ್ಲ.

ಟ್ಯೂಷನ್ ಫೀಸ್ ಅಲ್ಲದೆ ಯೂನಿವರ್ಸಿಟಿ ಫೀಸ್, ಲ್ಯಾಬು, ಯೂನಿಫಾರಂ, ‘ಸ್ಕಿಲ್ ಟ್ರೇನಿಂಗ್’ ಅಂತ ಬೇರೆ ಬೇರೆ ಹೆಸರಿನಲ್ಲಿ ಕೇಳುತ್ತಾರೆ. ನಾಲ್ಕು ವರ್ಷದ ಪಟ್ಟಿಯನ್ನು ಕಾಗದದ ಮೇಲೆ ಕೊಡಿ ಅನ್ನಿ. ಬಾಯಿಮಾತಿನ ಫೀಸು ಎರಡನೇ ವರ್ಷಕ್ಕೆ ಬದಲಾಗುತ್ತದೆ.

ಮನೆಯ ವರಮಾನ ವರ್ಷಕ್ಕೆ 8 ಲಕ್ಷದ ಒಳಗಿದ್ದರೆ ಇಂಜಿನಿಯರಿಂಗ್‌ನಲ್ಲಿ ಎಸ್‌ಎನ್‌ಕ್ಯೂ ಸೀಟು ಅಂತ ಇದೆ. ಇರುವ ಸೀಟುಗಳ ಮೇಲೆ ಶೇ 5 ಹೆಚ್ಚುವರಿ. ಇದಕ್ಕೆ ಟ್ಯೂಷನ್ ಫೀಸ್ ಇಲ್ಲ, ಉಳಿದದ್ದು ಕಟ್ಟಬೇಕು. ಒಳ್ಳೆಯ ರ‍್ಯಾಂಕ್ ಬಂದವರಿಗೇ ಸಿಗುವುದು. ಆದರೂ ಕೇಳದೆ ಬಿಟ್ಟವರನ್ನು ನೋಡಿದ್ದೇನೆ.

ಡೊನೇಷನ್ ಬಗ್ಗೆ: ಕ್ಯಾಪಿಟೇಷನ್ ಶುಲ್ಕವನ್ನು ಕರ್ನಾಟಕದಲ್ಲಿ 1984ರ ಕಾಯ್ದೆಯಲ್ಲೇ ನಿಷೇಧಿಸಿದ್ದಾರೆ. ಕೊಡುವವರೂ ಇದ್ದಾರೆ, ತೆಗೆದುಕೊಳ್ಳುವವರೂ ಇದ್ದಾರೆ. ರಸೀದಿ ಇಲ್ಲದ ದುಡ್ಡು ಕೊಟ್ಟು ಆಮೇಲೆ ‘ವಾಪಸ್ ಕೇಳಲು ಅರ್ಜಿ ಟೈಪ್ ಮಾಡಿಕೊಡಿ’ ಅಂತ ನನ್ನ ಹತ್ತಿರ ಬಂದರೆ ಏನಂತ ಟೈಪ್ ಮಾಡಲಿ?

ಕಾಲೇಜು ನೋಡಲು ಹೋದರೆ ಏನು ನೋಡಬೇಕು?

ಅವರು ತೋರಿಸುವುದನ್ನು ನೋಡಿ, ತೋರಿಸದ್ದನ್ನೂ ನೋಡಿ. ಗೇಟಿನ ಹೊರಗೆ ಟೀ ಅಂಗಡಿ ಇರುತ್ತದಲ್ಲ, ಮೊದಲು ಅಲ್ಲಿ ನಿಂತುಕೊಳ್ಳಿ. ಮೂರನೇ ವರ್ಷದ ಮಕ್ಕಳು ಅಲ್ಲೇ ಸಿಗುವುದು. ‘ಕಾಲೇಜು ಹೇಗಿದೆ’ ಅಂತ ಕೇಳಬೇಡಿ, ‘ಚೆನ್ನಾಗಿದೆ’ ಅಂದುಬಿಡುತ್ತಾರೆ. ‘ನಿನ್ನೆ ಎಷ್ಟು ಕ್ಲಾಸ್ ಆಯ್ತಪ್ಪಾ’ ಅಂತ ಕೇಳಿ.

ನನ್ನ ತಂಗಿಯ ಮಗಳನ್ನು ಕರೆದುಕೊಂಡು ಒಂದು ಕಾಲೇಜಿಗೆ ಹೋಗಿದ್ದೆ. ಲ್ಯಾಬಿನಲ್ಲಿ ಮೈಕ್ರೋಸ್ಕೋಪ್‌ಗಳು ಸಾಲಾಗಿ ಹೊಳೆಯುತ್ತಿದ್ದವು. ಒಂದಕ್ಕೂ ಪ್ಲಾಸ್ಟಿಕ್ ಕವರ್ ತೆಗೆದಿರಲಿಲ್ಲ. ಸೆಮಿಸ್ಟರಿನ ನಡುವಿನ ತಿಂಗಳು ಅದು. ಲೈಬ್ರರಿಯಲ್ಲಿ ಒಂದು ಪುಸ್ತಕ ತೆಗೆದು ಹಿಂದಿನ ಚೀಟಿ ನೋಡಿದೆ. ಕೊನೆಯ ಮುದ್ರೆ ನಾಲ್ಕು ವರ್ಷ ಹಿಂದಿನದು. ಹೆಣ್ಣುಮಕ್ಕಳ ಟಾಯ್ಲೆಟ್ ಎಲ್ಲಿ ಅಂತ ಕೇಳಿದ್ದಕ್ಕೆ ನಮ್ಮನ್ನು ಸ್ಟಾಫ್ ರೂಮಿನ ಪಕ್ಕದ್ದಕ್ಕೆ ಕರೆದುಕೊಂಡು ಹೋದರು. ಮಕ್ಕಳದ್ದು ಯಾವುದು ಅಂದರೆ ‘ಕೆಳಗಿದೆ ಮೇಡಂ, ಇವತ್ತು ನೀರಿಲ್ಲ’ ಅಂದರು. ಕೆಳಗೆ ಹೋದೆವು. ಬೀಗಕ್ಕೆ ತುಕ್ಕು ಹಿಡಿದಿತ್ತು.

ದಿನಕ್ಕೆ ಏಳು ಗಂಟೆ ಒಂದು ಹುಡುಗಿ ಅಲ್ಲಿ ಇರಬೇಕು. ನೀರು ಕುಡಿಯದೆ ಕೂರುತ್ತಾರೆ ಮಕ್ಕಳು. ಯಾವ ಗ್ರೇಡಿಗೂ ಕಾಣದ ವಿಷಯ ಇದು. ಅವಳನ್ನು ಅಲ್ಲಿಗೆ ಸೇರಿಸಲಿಲ್ಲ.

ಕನ್ನಡ ಮೀಡಿಯಂನಲ್ಲಿ ಓದಿದ್ದೇನೆ. ದೊಡ್ಡ ಕಾಲೇಜಿನಲ್ಲಿ ಕಷ್ಟ ಆಗುತ್ತದಾ?

ಮೊದಲ ಆರು ತಿಂಗಳು ಆಗುತ್ತದೆ. ನಮ್ಮ ಕಡೆಯ ಮಕ್ಕಳಿಗೆ ಇನ್ನೂ ಒಂದು ಸುತ್ತು ಜಾಸ್ತಿ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಈಗ ಇಂಗ್ಲಿಷ್. ಗೊತ್ತಿರುವ ಉತ್ತರವನ್ನೇ ಹೇಳಲು ಬಾಯಿ ಬರುವುದಿಲ್ಲ. ಅರ್ಥವಾಗದಿದ್ದಾಗ ಕನ್ನಡದಲ್ಲಿ ಒಂದು ಸಲ ಹೇಳಿಕೊಡುವ ಮೇಷ್ಟ್ರು ಇರುವ ಕಾಲೇಜು ಇಂಥ ಮಕ್ಕಳಿಗೆ ನಿಜವಾಗಿ ಒಳ್ಳೆಯದು. ಅಂಥವರು ಜಿಲ್ಲೆಯ ಕಾಲೇಜುಗಳಲ್ಲಿ ಜಾಸ್ತಿ ಸಿಗುತ್ತಾರೆ. ಟೀ ಅಂಗಡಿಯ ಮುಂದೆ ಇದನ್ನೂ ಕೇಳಿ.

ಇನ್ನೊಂದು ಕಡೆ, ಕನ್ನಡ ಮೀಡಿಯಂ ನಿಮಗೆ ಬಲವೂ ಹೌದು. 1ರಿಂದ 10ನೇ ತರಗತಿವರೆಗೆ ಕನ್ನಡದಲ್ಲಿ ಓದಿದವರಿಗೆ ಸಿಇಟಿ ಸೀಟಿನಲ್ಲಿ ಶೇ 5, ಹತ್ತೂ ವರ್ಷ ಹಳ್ಳಿಯಲ್ಲಿ ಓದಿದವರಿಗೆ ಗ್ರಾಮೀಣ ಕೋಟಾ ಶೇ 15 ಇದೆ. ಹಿಂದಿನ ವರ್ಷದ ಕಟಾಫ್ ಪಟ್ಟಿ ನೋಡುವಾಗ 2ಎಜಿ (2ಎ ಮೀಸಲಾತಿಯ ಸಾಮಾನ್ಯ ಸೀಟು) ಒಂದೇ ಸಾಲು ನೋಡಿ ‘ಸಿಗಲ್ಲ’ ಅಂತ ಬಿಡಬೇಡಿ. ಪಕ್ಕದಲ್ಲಿ 2ಎಆರ್ ಅಂದರೆ ಗ್ರಾಮೀಣ, 2ಎಕೆ ಅಂದರೆ ಕನ್ನಡ ಮೀಡಿಯಂ. ಕೆಲವು ಸಲ ಈ ಮೂರಕ್ಕೂ ಸಾವಿರಾರು ರ‍್ಯಾಂಕ್ ವ್ಯತ್ಯಾಸ ಇರುತ್ತದೆ.

ಸರ್ಕಾರಿ ಡಿಗ್ರಿ ಕಾಲೇಜು ಅಂದರೆ ಕಡಿಮೆನಾ?

ಯಾರು ಹೇಳಿದ್ದು? ಅಲ್ಲಿನ ಕಾಯಂ ಪ್ರಾಧ್ಯಾಪಕರು ಸರ್ಕಾರದ ಪರೀಕ್ಷೆ ಪಾಸು ಮಾಡಿ ಬಂದವರು. ಫೀಸು ಕೈಗೆ ಎಟುಕುವಂಥದ್ದು. ಕೋಲಾರದಲ್ಲಿ ಸರ್ಕಾರಿ ಬಾಲಕರ ಕಾಲೇಜು ಇದೆ, ಮಹಿಳಾ ಕಾಲೇಜು ಇದೆ. ಟಮಕದಲ್ಲಿ ಬೆಂಗಳೂರು ಉತ್ತರ ವಿಶ್ವವಿದ್ಯಾಲಯವೇ ಇದೆ, ಮುಂದೆ ಎಂ.ಎ., ಎಂ.ಕಾಂ. ಅಂದರೆ ಮಂಗಸಂದ್ರದ ಪಿಜಿ (ಸ್ನಾತಕೋತ್ತರ) ಸೆಂಟರ್ ಇದೆ. ತುಮಕೂರಿನವರಿಗೆ 2004ರಿಂದ ಅವರದೇ ವಿಶ್ವವಿದ್ಯಾಲಯ.

ಕಷ್ಟ ಇರುವುದು ಅತಿಥಿ ಉಪನ್ಯಾಸಕರ ವಿಷಯದಲ್ಲಿ. ವರ್ಷದ ಶುರುವಿನಲ್ಲಿ ಅವರ ನೇಮಕ ತಡವಾದರೆ ಒಂದೆರಡು ತಿಂಗಳು ಕೆಲವು ವಿಷಯಗಳಿಗೆ ಪಾಠವೇ ಆಗುವುದಿಲ್ಲ. ನೀವು ತೆಗೆದುಕೊಳ್ಳುವ ವಿಷಯಕ್ಕೆ ಕಾಯಂ ಅಧ್ಯಾಪಕರು ಎಷ್ಟು ಜನ ಅಂತ ಆಫೀಸಿನಲ್ಲಿ ಕೇಳಿದರೆ ಹೇಳುತ್ತಾರೆ.

ಡಿಗ್ರಿ ಈಗ ಮೂರು ವರ್ಷವೇ. 2021–22ರಲ್ಲಿ ಬಂದ ನಾಲ್ಕು ವರ್ಷದ ಪದ್ಧತಿಯನ್ನು 2024–25ರಿಂದ ತೆಗೆದಿದ್ದಾರೆ. ಅಕ್ಕನ ಮಾರ್ಕ್ಸ್ ಕಾರ್ಡ್ ನೋಡಿಕೊಂಡು ಗಾಬರಿಯಾಗಬೇಡಿ.

ಆಟೊನಮಸ್ ಕಾಲೇಜು ಅಂದರೆ?

ಸಿಲಬಸ್, ಪ್ರಶ್ನೆಪತ್ರಿಕೆ, ಮೌಲ್ಯಮಾಪನ ಎಲ್ಲ ಕಾಲೇಜಿನದೇ. ಡಿಗ್ರಿ ಸರ್ಟಿಫಿಕೇಟ್ ಮಾತ್ರ ಯೂನಿವರ್ಸಿಟಿಯದು. 1963ರಲ್ಲಿ ಶುರುವಾದ ತುಮಕೂರಿನ ಸಿದ್ಧಗಂಗಾ ಇಂಜಿನಿಯರಿಂಗ್ ಕಾಲೇಜು ಇಂಥದ್ದು. ಕಾಲೇಜು ಗಟ್ಟಿಯಾಗಿದ್ದರೆ ಇದು ಲಾಭ, ಸಿಲಬಸ್ ಬೇಗ ಬದಲಾಗುತ್ತದೆ. ಕಾಲೇಜೇ ಸಡಿಲ ಇದ್ದರೆ ಪರೀಕ್ಷೆಯೂ ಸಡಿಲ.

ನನ್ನ ಫ್ರೆಂಡ್ಸ್ ಎಲ್ಲ ಹೋಗುವ ಕಾಲೇಜಿಗೇ ಹೋಗಲಾ?

ಎರಡನೇ ತಿಂಗಳಿಗೆ ಸೆಕ್ಷನ್ ಬೇರೆ ಆಗುತ್ತದೆ.

ಅಪ್ಪ ಒಂದು ಹೇಳುತ್ತಾರೆ, ನನಗೆ ಇನ್ನೊಂದು ಬೇಕು. ಏನು ಮಾಡಲಿ?

ಹೋದ ವರ್ಷ ಮಾವಿನ ಸುಗ್ಗಿಯಲ್ಲೇ ಶ್ರೀನಿವಾಸಪುರದ ಕಡೆಯ ಒಬ್ಬರು ಮಗಳ ಜೊತೆ ಬಂದಿದ್ದರು. ಮಂಡಿಗೆ ಲೋಡ್ ಹಾಕಿ ನೇರವಾಗಿ ಬಂದಿದ್ದರು ಅನಿಸುತ್ತದೆ, ಹೆಗಲ ಮೇಲಿನ ಟವೆಲ್‌ಗೆ ಮಾವಿನ ಸೊನೆ ಅಂಟಿತ್ತು. ಜೇಬಿನಿಂದ ಒಂದು ಮಂಡಿ ಚೀಟಿ ತೆಗೆದರು. ಅದರ ಹಿಂದೆ ಯಾರೋ ಹೇಳಿದ ಐದು ಕಾಲೇಜುಗಳ ಹೆಸರು, ಎಲ್ಲ ಬೆಂಗಳೂರಿನವು. ಹುಡುಗಿ ಮಾತಾಡಲಿಲ್ಲ. ನಾನು ಒಂದು ಹಾಳೆ ಕೊಟ್ಟು ‘ನೀನೂ ಬರಿಯಮ್ಮ’ ಅಂದೆ. ಅವಳು ಬರೆದದ್ದರಲ್ಲಿ ಮೊದಲನೆಯದು ಚಿಕ್ಕಬಳ್ಳಾಪುರದ್ದು.

‘ಯಾಕಮ್ಮ?’ ಅಂದರು ಅಪ್ಪ.

‘ಅಲ್ಲಿ ಹಾಸ್ಟೆಲ್ ಕಾಲೇಜಿನ ಒಳಗೇ ಇದೆ. ನೀನು ತಿಂಗಳಿಗೊಂದು ಸಲ ಬರಬಹುದು. ಬೆಂಗಳೂರಾದರೆ ನೀನು ಬರಲ್ಲ, ದಾರಿ ತಪ್ಪುತ್ತೆ ಅಂತ ಹೆದರ್ತೀಯ.’

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಚೀಟಿಯನ್ನು ಮಡಚಿ ಜೇಬಿಗೆ ಇಟ್ಟುಕೊಂಡರು. ‘ಅವಳು ಬರೆದದ್ದನ್ನೇ ಮೊದಲು ಹಾಕಿ ಮೇಡಂ’ ಅಂದರು.

ಎಲ್ಲರ ಮನೆಯಲ್ಲೂ ಹೀಗೆ ಸಲೀಸಾಗಿ ಆಗುವುದಿಲ್ಲ. ಆದರೆ ಇಬ್ಬರೂ ಬೇರೆ ಬೇರೆ ಹಾಳೆಯಲ್ಲಿ ಬರೆದು, ಪ್ರತಿ ಹೆಸರಿನ ಮುಂದೆ ಒಂದು ಕಾರಣ ಬರೆದರೆ ಮಾತು ಶುರುವಾಗುತ್ತದೆ. ‘ಎಲ್ಲರೂ ಹೇಳ್ತಾರೆ’ ಅನ್ನುವುದನ್ನು ಕಾರಣ ಅಂತ ಒಪ್ಪಿಕೊಳ್ಳಬೇಡಿ. ಎರಡೂ ಕಡೆಯಿಂದ.

ಆಪ್ಷನ್ ಎಂಟ್ರಿಯಲ್ಲಿ ಯಾವುದನ್ನು ಮೇಲೆ ಹಾಕಬೇಕು?

ಆಪ್ಷನ್ ಎಂಟ್ರಿ ಅಂದರೆ ಸಿಇಟಿ ಸೀಟಿಗಾಗಿ ಬೇಕಾದ ಕಾಲೇಜು, ಕೋರ್ಸುಗಳನ್ನು ಆನ್‌ಲೈನ್‌ನಲ್ಲಿ ಸಾಲಾಗಿ ಹಾಕುವುದು. ಮೇಲೆ ಹಾಕಬೇಕಾದ್ದು ನಿಮಗೆ ಅತಿ ಹೆಚ್ಚು ಬೇಕಾದ್ದನ್ನು. ಸಿಗುತ್ತದೋ ಇಲ್ಲವೋ ಅನ್ನುವುದು ಆಮೇಲಿನ ಮಾತು.

ಇಲ್ಲೇ ಜಾಸ್ತಿ ಜನ ಎಡವುವುದು. ಸಿಇಟಿ ನಡೆಸಿ ಸೀಟು ಹಂಚುವ ಕೆಇಎಯ ಕಂಪ್ಯೂಟರ್ ನಿಮ್ಮ ರ‍್ಯಾಂಕ್ ಬಂದಾಗ ನಿಮ್ಮ ಪಟ್ಟಿಯನ್ನು ಮೇಲಿನಿಂದ ಓದುತ್ತಾ ಬರುತ್ತದೆ. ಎಲ್ಲಿ ಸೀಟು ಖಾಲಿ ಇದೆಯೋ ಅಲ್ಲಿ ನಿಲ್ಲುತ್ತದೆ. ಅದರ ಕೆಳಗಿನದನ್ನು ನೋಡುವುದೇ ಇಲ್ಲ. ಒಬ್ಬ ಹುಡುಗ ‘ಇದಂತೂ ಗ್ಯಾರಂಟಿ ಸಿಗುತ್ತೆ’ ಅಂತ ಸಾಧಾರಣ ಕಾಲೇಜೊಂದನ್ನು ಒಂದನೇ ನಂಬರಿಗೆ ಹಾಕಿಬಿಟ್ಟಿದ್ದ. ಗ್ಯಾರಂಟಿಯಾಗಿ ಸಿಕ್ಕಿತು. ಅವನಿಗೆ ಬೇಕಿದ್ದದ್ದು ಆರನೇ ನಂಬರಿನಲ್ಲಿತ್ತು, ಅವನ ರ‍್ಯಾಂಕಿಗೆ ಅದೂ ಸಿಗುತ್ತಿತ್ತು.

ಸಿಗುವುದು ಕಷ್ಟ ಅನಿಸುವುದನ್ನು ಮೇಲೆ ಹಾಕಿದರೆ ಕಳೆದುಕೊಳ್ಳುವುದು ಏನೂ ಇಲ್ಲ. ಅದು ಸಿಗದಿದ್ದರೆ ಮುಂದಿನದಕ್ಕೆ ಹೋಗುತ್ತದೆ, ಅಷ್ಟೇ. ಹಾಗೆಯೇ, ಸಿಕ್ಕರೂ ಹೋಗುವುದಿಲ್ಲ ಅನ್ನುವ ಕಾಲೇಜನ್ನು ಪಟ್ಟಿ ತುಂಬಿಸಲು ಹಾಕಬೇಡಿ. ಮೊದಲು ಅಣಕು ಹಂಚಿಕೆ ಬರುತ್ತದೆ. ಅದನ್ನು ನೋಡಿ ಪಟ್ಟಿ ತಿದ್ದಲು ಅವಕಾಶ ಕೊಡುತ್ತಾರೆ. ಅಣಕು ಹಂಚಿಕೆಯಲ್ಲಿ ಸಿಕ್ಕಿತು ಅಂತ ಸ್ವೀಟ್ ಹಂಚಬೇಡಿ. ಒಬ್ಬರು ಹಂಚಿದ್ದರು.

ಚಾಯ್ಸ್ 1, 2, 3, 4 ಅಂದರೆ ಏನು?

ಸೀಟು ಸಿಕ್ಕ ಮೇಲೆ ಕೇಳುತ್ತದೆ. ಒಂದು ಅಂದರೆ, ಇದೇ ಸಾಕು, ಫೀಸು ಕಟ್ಟಿ ಸೇರುತ್ತೇನೆ. ಎರಡು ಅಂದರೆ, ಇದು ಇರಲಿ, ನನ್ನ ಪಟ್ಟಿಯಲ್ಲಿ ಇದಕ್ಕಿಂತ ಮೇಲಿರುವುದು ಸಿಕ್ಕರೆ ಕೊಡಿ. ಮೇಲಿನದು ಸಿಕ್ಕಿತೋ, ಕೈಯಲ್ಲಿದ್ದದ್ದು ತಾನಾಗಿ ಹೋಗುತ್ತದೆ. ಮೂರು ಅಂದರೆ, ಇದು ಬೇಡ, ಮುಂದಿನ ಸುತ್ತಿಗೆ ಬರುತ್ತೇನೆ. ನಾಲ್ಕು ಅಂದರೆ, ನಾನು ಹೊರಟೆ.

ಮೂರನ್ನು ಒತ್ತುವ ಮೊದಲು ಒಂದು ರಾತ್ರಿ ಮಲಗಿ ಎದ್ದು ಬನ್ನಿ. ಕೈಯಲ್ಲಿದ್ದ ಸೀಟು ಹೋಗುತ್ತದೆ, ಮುಂದೆ ಏನೂ ಸಿಗದೆಯೂ ಇರಬಹುದು. ಎರಡನ್ನು ಒತ್ತಿದವರಿಗೆ ಫೀಸು ಎಷ್ಟು, ಯಾವತ್ತಿನೊಳಗೆ ಕಟ್ಟಬೇಕು ಅನ್ನುವ ನಿಯಮ ಬದಲಾಗುತ್ತಿರುತ್ತದೆ. ಆ ವರ್ಷದ ಸೂಚನೆಯನ್ನೇ ಓದಿ, ಅಣ್ಣ ಹೇಳಿದ್ದನ್ನಲ್ಲ.

ಸೇರಿದ ಮೇಲೆ ಬೇಡ ಅನಿಸಿದರೆ ದುಡ್ಡು ವಾಪಸ್ ಬರುತ್ತದಾ?

ಎಷ್ಟು ಬೇಗ ಹೇಳುತ್ತೀರಿ ಅನ್ನುವುದರ ಮೇಲೆ. ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) 2018ರ ನಿಯಮದ ಪ್ರಕಾರ ಪ್ರವೇಶದ ಕೊನೆಯ ದಿನಕ್ಕೆ 15 ದಿನ ಅಥವಾ ಅದಕ್ಕೂ ಮೊದಲೇ ಬಿಟ್ಟರೆ ಸ್ವಲ್ಪ ಖರ್ಚು ಹಿಡಿದುಕೊಂಡು ಪೂರ್ತಿ ಕೊಡಬೇಕು. ಕೊನೆಯ ದಿನಕ್ಕೆ 15 ದಿನದ ಒಳಗಾದರೆ ಶೇ 90. ಕೊನೆಯ ದಿನ ದಾಟಿ 15 ದಿನದವರೆಗೆ ಶೇ 80, 30 ದಿನದವರೆಗೆ ಶೇ 50, ಆಮೇಲೆ ಇಲ್ಲ. ಆಮೇಲಿನ ಕೆಲವು ವರ್ಷ ಮಕ್ಕಳಿಗೆ ಇನ್ನೂ ಅನುಕೂಲವಾಗುವ ಆದೇಶಗಳೂ ಬಂದಿವೆ. ಕೆಇಎ ಮೂಲಕ ಸಿಕ್ಕ ಸೀಟಿಗೆ ಕೆಇಎಯ ನಿಯಮವೇ ಬೇರೆ, ಅದನ್ನು ನೋಡಬೇಕು.

ಮೂಲ ಮಾರ್ಕ್ಸ್ ಕಾರ್ಡ್‌ಗಳನ್ನು ಕಾಲೇಜಿನವರು ಇಟ್ಟುಕೊಳ್ಳುವಂತಿಲ್ಲ ಅಂತಲೂ ಅದೇ ನಿಯಮ ಹೇಳುತ್ತದೆ. ನೋಡಿ, ಜೆರಾಕ್ಸ್ ಇಟ್ಟುಕೊಂಡು ವಾಪಸ್ ಕೊಡಬೇಕು. ‘ಒರಿಜಿನಲ್ ಕೊಟ್ಟರೇನೇ ಅಡ್ಮಿಷನ್’ ಅನ್ನುವ ಕಾಲೇಜು ಆಮೇಲೆ ಹೇಗೆ ನಡೆದುಕೊಳ್ಳುತ್ತದೆ ಅಂತ ಅಲ್ಲೇ ಊಹೆ ಮಾಡಬಹುದು, ಅಲ್ವಾ?

ಆಪ್ಷನ್ ಎಂಟ್ರಿಗೆ ಬರುವಾಗ ಏನು ತರಬೇಕು?

ಸಿಇಟಿ ಅರ್ಜಿಯ ಪ್ರಿಂಟು, ರ‍್ಯಾಂಕ್, ಪಾಸ್‌ವರ್ಡ್. ಮನೆಯಲ್ಲೇ ಬರೆದ ಕಾಲೇಜುಗಳ ಪಟ್ಟಿ, ಕೋಡ್ ಸಮೇತ. ಆರ್‌ಡಿ ನಂಬರ್ ಇರುವ ಜಾತಿ ಮತ್ತು ಆದಾಯ ಪ್ರಮಾಣಪತ್ರ. ಗ್ರಾಮೀಣ ಅಥವಾ ಕನ್ನಡ ಮೀಡಿಯಂ ಕೋಟಾ ಹಾಕಿದ್ದರೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಸಹಿ ಇರುವ ವ್ಯಾಸಂಗ ಪ್ರಮಾಣಪತ್ರ. ಕೊನೆಯ ದಿನ ಸಂಜೆ ಬರಬೇಡಿ, ಸರ್ವರ್ ನಿಲ್ಲುತ್ತದೆ, ಇಲ್ಲಾ ನಮ್ಮ ಬೀದಿಯ ಕರೆಂಟ್ ಹೋಗುತ್ತದೆ. ಅರ್ಜಿಯಲ್ಲಿ ಕೊಟ್ಟ ಮೊಬೈಲ್ ನಂಬರ್ ಅಪ್ಪನದಾದರೆ ಆ ಫೋನು ನಿಮ್ಮ ಕೈಯಲ್ಲಿರಲಿ. ಓಟಿಪಿ ಅದಕ್ಕೇ ಬರುವುದು, ಅಪ್ಪ ಆಗ ತೋಟದಲ್ಲಿರುತ್ತಾರೆ.